ಬಾದಾಮಿಗೆ ಹೋದರೆ ಮೊದಲು ಉತ್ತರದ ಗುಡ್ಡ ಹತ್ತಿ

ಬಾದಾಮಿಗೆ ಹೋಗಿಬಂದವರನ್ನು ಏನೇನು ನೋಡಿದಿರಿ ಅಂತ ಕೇಳಿ. ನಾಲ್ಕು ಗುಹೆ, ಕೆರೆ, ಭೂತನಾಥನ ಗುಡಿ, ಅಷ್ಟೇ ಹೇಳುತ್ತಾರೆ. ಕೆರೆಯ ಆಚೆ ನಿಂತಿರುವ ಉತ್ತರದ ಗುಡ್ಡ ಅವರ ಫೋಟೋಗಳ ಹಿಂದೆ ಕೆಂಪಗೆ ಕಾಣುತ್ತಿರುತ್ತದೆ, ಆದರೆ ಹತ್ತಿರುವುದಿಲ್ಲ. ಬಿಸಿಲು ಜಾಸ್ತಿ ಇತ್ತು, ಹೊತ್ತಾಯಿತು, ಪಟ್ಟದಕಲ್ಲಿಗೆ ಹೋಗಬೇಕಿತ್ತು ಅಂತ ಏನೋ ಒಂದು ಕಾರಣ.

ಆದರೆ ಚಾಲುಕ್ಯರ ಕತೆ ಶುರುವಾಗುವುದೇ ಆ ಗುಡ್ಡದಿಂದ. ಶಕ 465, ಅಂದರೆ ಕ್ರಿ.ಶ. 543ರಲ್ಲಿ ಒಂದನೇ ಪುಲಕೇಶಿ ವಾತಾಪಿಯ (ಬಾದಾಮಿಯ ಹಳೆಯ ಹೆಸರು) ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಗೆಗಳಿಗೆ ದಕ್ಕದ ಕೋಟೆ ಮಾಡಿದ ಅನ್ನುವ ಮಾತು ಅಲ್ಲಿನ ಬಂಡೆಯ ಮೇಲೇ ಕೆತ್ತಿದೆ. ಗುಹೆಗಳು ಆಮೇಲೆ ಬಂದವು. ಮೂರನೇ ಗುಹೆಯ ಶಾಸನದ ಕಾಲ 578. ಆ ಶಾಸನಕ್ಕೆ ಮೂವತ್ತೈದು ವರ್ಷ ಮೊದಲೇ ಇಲ್ಲಿ ಕಾವಲು ಕಾಯುವ, ನೀರು ಹೊರುವ ಜನ ಇದ್ದರು. ಹಾಗಾಗಿ ನನ್ನ ಮಾತು ಇಷ್ಟೇ: ಮೊದಲು ಉತ್ತರದ ಗುಡ್ಡ, ಅದೂ ಬೆಳಿಗ್ಗೆ. ಗುಹೆಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಈ ಗುಡ್ಡವನ್ನು ಗುಡಿಗಳ ಪಟ್ಟಿ ಅಂತ ನೋಡಬೇಡಿ, ಜನ ಇದ್ದ ಊರು ಅಂತ ನೋಡಿ. ಬಾಗಿಲು ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು, ಕಾಳು ಎಲ್ಲಿಡುತ್ತಿದ್ದರು ಅಂತ ಹುಡುಕುತ್ತಾ ಹತ್ತಿದರೆ ಗೈಡ್ ಇಲ್ಲದೆಯೂ ಅರ್ಧ ಅರ್ಥವಾಗುತ್ತದೆ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ದಯವಿಟ್ಟು ಬೇಡ. ಬಾಗಲಕೋಟೆ ಜಿಲ್ಲೆಯ ಬೇಸಿಗೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರು ಆ ಕೆಂಪು ಕಲ್ಲಿನ ಮೇಲೆ ಮಧ್ಯಾಹ್ನ ಬರಿಗಾಲಿಡುವ ಸಾಹಸ ಮಾಡಬಾರದು. ಜೋರು ಮಳೆಯಾದಾಗ ಕೆರೆಯ ಹಿಂದಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ನೋಡುವುದಕ್ಕೆ ಚೆಂದ. ಆದರೆ ಆಗ ಮೆಟ್ಟಿಲುಗಳು ಜಾರುತ್ತವೆ. ಎರಡೂ ಬೇಕು ಅನ್ನುವವರು ಮಳೆ ನಿಂತ ಮೇಲೆ ಕಲ್ಲು ಒಣಗುವವರೆಗೆ ಕಾಯಬೇಕು.

ಮೈಸೂರು, ಬೆಂಗಳೂರು ಕಡೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಹುಬ್ಬಳ್ಳಿ, ಗದಗ ದಾಟಿ ಬಾದಾಮಿಯಲ್ಲಿ ನಿಲ್ಲುತ್ತದೆ. ಸ್ಟೇಷನ್ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಆಟೋ ಸಿಗುತ್ತದೆ. ಹತ್ತುವ ಮೊದಲೇ ರೇಟು ಮಾತಾಡಿಕೊಳ್ಳಿ. ಬಸ್ಸಿನಲ್ಲಿ ಬರುವವರು ಹುಬ್ಬಳ್ಳಿ, ಗದಗ, ಬಾಗಲಕೋಟೆ, ಯಾವ ಕಡೆಯಿಂದಲಾದರೂ ಬರಬಹುದು. ಬಸ್ ಸ್ಟ್ಯಾಂಡಿನಿಂದ ಕೆರೆಗೂ ಗುಹೆಗಳಿಗೂ ನಡೆದೇ ಹೋಗಬಹುದು.

ಹಿಂದಿನ ದಿನ ಸಂಜೆಯೇ ಊರು ಸೇರಿ ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಬಂದು ಸಂಜೆ ಹೊರಡುವವರಿಗೆ ಈ ಗುಡ್ಡ ಯಾವತ್ತೂ ಸಿಗುವುದಿಲ್ಲ. ಗುಡ್ಡದ ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ಆ ಸಂಜೆಯೇ ಮ್ಯೂಸಿಯಂ ಹತ್ತಿರದ ಕಾವಲುಗಾರರನ್ನು ಕೇಳಿಟ್ಟುಕೊಳ್ಳಿ, ಬೆಳಿಗ್ಗೆ ಗೇಟಿನ ಮುಂದೆ ಸುಮ್ನೆ ನಿಲ್ಲುವುದು ತಪ್ಪುತ್ತದೆ.

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು. ಮೇಲೆ ಅಂಗಡಿ ಇಲ್ಲ. ಟೋಪಿ, ಹಿಡಿತ ಇರುವ ಶೂ ಅಥವಾ ಪಟ್ಟಿ ಇರುವ ಚಪ್ಪಲಿ. ತಿಂಡಿಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಇಲ್ಲಿನ ಕೋತಿಗಳಿಗೆ ಬಾಳೆಹಣ್ಣು ಬೇಡ, ಪ್ಲಾಸ್ಟಿಕ್ ಕವರಿನ ಸದ್ದು ಸಾಕು. ಎಲ್ಲವನ್ನೂ ಜಿಪ್ ಇರುವ ಬ್ಯಾಗಿನೊಳಗೆ ಹಾಕಿ ಬೆನ್ನಿಗೇರಿಸಿ. ಕೋತಿ ಬಂದು ಏನಾದರೂ ಹಿಡಿದರೆ ಎಳೆದಾಡಬೇಡಿ, ಬಿಟ್ಟುಬಿಡಿ, ಹತ್ತು ರೂಪಾಯಿ ಬಿಸ್ಕತ್ತಿಗೆ ಕಚ್ಚಿಸಿಕೊಂಡು ಊರ ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಕ್ಯೂ ನಿಲ್ಲುವುದು ಯಾರಿಗೆ ಬೇಕು?

ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ಡ್ರೋನ್ ಅಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹತ್ತುವ ಮೊದಲು ಮ್ಯೂಸಿಯಂ

ಉತ್ತರದ ಗುಡ್ಡದ ಬುಡದಲ್ಲೇ ಭಾರತೀಯ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಕೋಟೆಯ ದಾರಿ ಅದರ ಪಕ್ಕದಿಂದಲೇ. ಶುಕ್ರವಾರ ರಜೆ, ಹಾಗಾಗಿ ಶುಕ್ರವಾರ ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ಒಳ್ಳೆಯದು. ಅರ್ಧ ಗಂಟೆ ಸಾಕು. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯನ್ನು ಮಾತ್ರ ಅವಸರ ಮಾಡದೆ ನೋಡಿ. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರುವ ಭಂಗಿ. ಶಿಡ್ಲಫಡಿ ಅನ್ನುವ ಆದಿಮಾನವರ ಕಲ್ಲಾಸರೆಯ ಮಾದರಿಯೂ ಒಳಗಿದೆ. ಚಾಲುಕ್ಯರು ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಈ ಕಲ್ಲುಗಳ ನಡುವೆ ಮನುಷ್ಯರು ಇದ್ದರು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಬಿಸಿಲು ಏರುತ್ತಿದ್ದರೆ ಮ್ಯೂಸಿಯಂ ಆಮೇಲೆ ನೋಡಿ. ಗುಡ್ಡ ಕಾಯುವುದಿಲ್ಲ, ಅಂದರೆ ಬಿಸಿಲು ಕಾಯುವುದಿಲ್ಲ.

ಸೀಳಿನೊಳಗೆ

ಮೆಟ್ಟಿಲು ಹತ್ತಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ದಾರಿ ಬಂಡೆಗಳ ನಡುವೆ ನುಗ್ಗುತ್ತದೆ. ಎರಡೂ ಕಡೆ ನೆಟ್ಟಗೆ ನಿಂತ ಕೆಂಪು ಮರಳುಗಲ್ಲಿನ ಗೋಡೆ, ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಹೊರಗೆ ಎಷ್ಟೇ ಬಿಸಿಲಿದ್ದರೂ ಇಲ್ಲಿ ತಂಪು. ಎಲ್ಲರೂ ಇಲ್ಲಿ ಸೆಲ್ಫಿಗೆ ನಿಲ್ಲುತ್ತಾರೆ, ನಿಲ್ಲಲಿ, ನೀವೂ ನಿಲ್ಲಿ, ಆಮೇಲೆ ಫೋನ್ ಜೇಬಿಗಿಟ್ಟು ಗೋಡೆಯನ್ನು ಹತ್ತಿರದಿಂದ ನೋಡಿ.

ಕಲ್ಲಿನಲ್ಲಿ ಓರೆಯಾಗಿ ಓಡುವ ತೆಳು ತೆಳು ಗೆರೆಗಳು ಕಾಣುತ್ತವೆ. ಒಂದು ಕಂತೆ ಬಲಕ್ಕೆ ಓರೆ, ಅದರ ಮೇಲಿನದು ಬೇರೆ ಕೋನಕ್ಕೆ. ಅದು ಉಳಿಯ ಗುರುತಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಹರಿಯುವ ನೀರು ಮರಳನ್ನು ಪದರ ಪದರವಾಗಿ ತಂದು ಸುರಿದ ಗುರುತು. ಉಳಿಯ ಗುರುತು ಬೇಕಾದರೆ ಮೆಟ್ಟಿಲುಗಳ ಪಕ್ಕ, ಬಾಗಿಲುಗಳ ಹತ್ತಿರ ನೋಡಿ, ಗಿಡ್ಡ ಗಿಡ್ಡ ಸಾಲು ಕಚ್ಚುಗಳು, ಬೆರಳಿಟ್ಟರೆ ಸಿಗುತ್ತವೆ. ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ಈ ಗುಡ್ಡದಲ್ಲಿ ಪ್ರಕೃತಿ ಮಾಡಿದ್ದು ಎಷ್ಟು, ಮನುಷ್ಯ ಮಾಡಿದ್ದು ಎಷ್ಟು ಅಂತ ತಾನಾಗೇ ತಿಳಿಯುತ್ತದೆ. ಮನುಷ್ಯ ಮಾಡಿದ್ದು ಆಶ್ಚರ್ಯವಾಗುವಷ್ಟು ಕಡಿಮೆ. ಬಂಡೆ ಎಲ್ಲಿ ಬಿಟ್ಟಿತ್ತೋ ಅಲ್ಲಿ ಮಾತ್ರ ಗೋಡೆ ಕಟ್ಟಿದ್ದಾರೆ, ದಾರಿ ಎಲ್ಲಿ ಕಿರಿದಾಗುತ್ತದೋ ಅಲ್ಲಿ ಬಾಗಿಲಿಟ್ಟಿದ್ದಾರೆ. ಪುಲಕೇಶಿ ಈ ಜಾಗವನ್ನೇ ಯಾಕೆ ಆರಿಸಿಕೊಂಡ ಅಂತ ಕೇಳುವವರಿಗೆ ಈ ಸೀಳೇ ಉತ್ತರ. ಇಲ್ಲಿ ಸಾವಿರ ಜನರ ಸೈನ್ಯ ಬಂದರೂ ಮುಂದೆ ನಡೆಯಲು ಜಾಗ ಇರುವುದು ಇಬ್ಬರು ಮೂವರಿಗೆ.

ಬಾಗಿಲು ಬಂದ ಕಡೆಯೆಲ್ಲ ಹೊಸ್ತಿಲ ಮೂಲೆ, ಮೇಲಿನ ಕಲ್ಲಿನ ಮೂಲೆ ನೋಡಿ. ಕದದ ಗೂಟ ತಿರುಗಲು ಮಾಡಿದ ಗುಂಡಗಿನ ಕುಳಿ, ಅಗುಳಿ ತೂರಿಸುವ ತೂತು ಸಿಕ್ಕರೆ ಅಲ್ಲೊಂದು ಮರದ ಕದ ಇತ್ತು ಅಂತ ಲೆಕ್ಕ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಇದನ್ನು ಹುಡುಕುವ ಕೆಲಸ ಅವರಿಗೆ ವಹಿಸಿ, ಕಾಲು ನೋವು ಅನ್ನುವುದನ್ನೇ ಮರೆಯುತ್ತಾರೆ.

ಒಂದು ಎಚ್ಚರಿಕೆ. ಈಗ ಕಾಣುವ ಗೋಡೆ, ಬುರುಜು ಎಲ್ಲವೂ ಪುಲಕೇಶಿಯ ಕಾಲದ್ದಲ್ಲ. ಚಾಲುಕ್ಯರ ನಂತರವೂ ಈ ಕೋಟೆ ಶತಮಾನಗಟ್ಟಲೆ ಬಳಕೆಯಲ್ಲಿತ್ತು. ವಿಜಯನಗರದವರು, ಆದಿಲಶಾಹಿಗಳು, ಮರಾಠರು, ಹೈದರ್, ಟಿಪ್ಪು, ಎಲ್ಲರ ಕೈಗೂ ಬಂದುಹೋಗಿದೆ. 1818ರಲ್ಲಿ ಬ್ರಿಟಿಷರ ಸೇನಾಧಿಕಾರಿ ಮನ್ರೋ ಇದನ್ನು ಗೆದ್ದ. ಆಮೇಲೂ 1840ರಲ್ಲಿ ಒಬ್ಬ ಕುರುಡ ಬ್ರಾಹ್ಮಣ ಅರಬ್ಬರ ಒಂದು ತಂಡ ಕಟ್ಟಿಕೊಂಡು ಬಂದು ಬಾದಾಮಿಯನ್ನು ಹಿಡಿದಿದ್ದ. ಒಬ್ಬರಾದ ಮೇಲೆ ಒಬ್ಬರು ರಿಪೇರಿ ಮಾಡುತ್ತಾ ಬಂದಿದ್ದಾರೆ. ಗಾರೆ ಹಾಕಿದ, ಬಂದೂಕಿಗೆ ಕಿಂಡಿ ಬಿಟ್ಟ ಗೋಡೆ ಕಂಡರೆ ಅದು ತಡವಾಗಿ ಕಟ್ಟಿದ್ದು. ಅದನ್ನು ತೋರಿಸಿ ಪುಲಕೇಶಿಯ ಅರಮನೆ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ನಡೆಯಿರಿ.

ಕೆಳಗಿನ ಶಿವಾಲಯ, ಮೇಲಿನ ಶಿವಾಲಯ

ಅರ್ಧ ದಾರಿಯಲ್ಲಿ ಕೆಳಗಿನ ಶಿವಾಲಯ ಸಿಗುತ್ತದೆ. ಗರ್ಭಗುಡಿ, ಅದರ ಮೇಲೆ ಎಂಟು ಮೂಲೆಯ ಗುಮ್ಮಟ, ಉಳಿದಿರುವುದು ಇಷ್ಟೇ. ಸುತ್ತಲಿನ ಪ್ರದಕ್ಷಿಣೆಯ ಗೋಡೆ, ಮುಂದಿನ ಮಂಟಪ ಹೋಗಿವೆ. ಕೋಟೆಗೆ ಕಲ್ಲು ಬೇಕಾದಾಗ ಹತ್ತಿರದ ಪಾಳು ಗುಡಿಗೆ ಕೈ ಹಾಕುವುದು ಎಲ್ಲ ಕಡೆಯೂ ನಡೆದದ್ದೇ. ಇಲ್ಲಿಂದ ಊರಿನ ಮನೆಗಳು, ಕೆರೆಯ ಒಂದು ಭಾಗ ಕಾಣುತ್ತವೆ. ಇಲ್ಲೇ ಹತ್ತು ನಿಮಿಷ ಕುಳಿತು ಉಸಿರು ತೆಗೆದುಕೊಳ್ಳಿ.

ಕೆಳಗಿನ ಕೆರೆಯಿಂದ ಬಟ್ಟೆ ಒಗೆಯುವ ಸದ್ದು ಮೇಲೆ ಬರುತ್ತದೆ. ಕಿವಿಗೊಟ್ಟರೆ ಒಂದು ಏಟಿಗೆ ಎರಡು ಸದ್ದು, ಒಂದು ಕಲ್ಲಿಗೆ ಬಿದ್ದದ್ದು, ಇನ್ನೊಂದು ಎದುರು ಗುಡ್ಡಕ್ಕೆ ಬಡಿದು ವಾಪಸ್ ಬಂದದ್ದು. ಇಷ್ಟು ಚೆನ್ನಾಗಿ ಸದ್ದು ಒಯ್ಯುವ ಜಾಗದಲ್ಲಿ ಕಾವಲುಗಾರನಿಗೆ ಕಣ್ಣಿನಷ್ಟೇ ಕಿವಿಯೂ ಕೆಲಸ ಮಾಡುತ್ತಿದ್ದಿರಬೇಕು, ಅಲ್ವಾ?

ಮತ್ತೆ ಹತ್ತಿದರೆ ಮೇಲಿನ ಶಿವಾಲಯ, ಏಳನೇ ಶತಮಾನದ ಶುರುವಿನದು. ಇಲ್ಲಿಗೆ ಬಂದವರು ಗುಡಿಯ ಮುಂದೆ ನಿಂತು ಕೆರೆ ನೋಡಿ ಇಳಿದುಬಿಡುತ್ತಾರೆ. ನೀವು ಗುಡಿಗೆ ಒಂದು ಸುತ್ತು ಹಾಕಿ, ಅಡಿಪಾಯದ ಪಟ್ಟಿಕೆ ನೋಡಿ. ಬಗ್ಗಿ ನೋಡಬೇಕು. ಒಂದು ಗೇಣು ಎತ್ತರದ ಪಟ್ಟಿಕೆಯಲ್ಲಿ ರಾಮಾಯಣದ ಕತೆ, ಕೃಷ್ಣನ ಬಾಲಲೀಲೆ ಇದೆ. ಸವೆದಿದೆ. ಮಲಗಿದ ಕುಂಭಕರ್ಣನನ್ನು ಎಬ್ಬಿಸಲು ಒದ್ದಾಡುವ ಗುಂಪನ್ನು ಹುಡುಕಿ, ಕಂಡರೆ ನಗು ಬರುತ್ತದೆ. ಮೇಲೆ ಗೋಡೆಯಲ್ಲಿ ಗೋವರ್ಧನ ಎತ್ತಿದ ಕೃಷ್ಣ, ನರಸಿಂಹ. ಹೆಸರು ಶಿವಾಲಯ, ಗೋಡೆಯ ತುಂಬ ವಿಷ್ಣುವಿನ ಕತೆ. ಮೊದಲು ಇದು ವಿಷ್ಣುವಿನ ಗುಡಿಯೇ ಆಗಿತ್ತು ಅಂತ ಬಲ್ಲವರು ಹೇಳುವುದು ಸುಮ್ಮನೆ ಅಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಈ ಸವೆದ ಕೆತ್ತನೆ ಎದ್ದು ಕಾಣುತ್ತದೆ, ನೆತ್ತಿಯ ಮೇಲೆ ಸೂರ್ಯ ಬಂದಾಗ ಬರೀ ಗೀಚಿದ ಕಲ್ಲು. ಬೆಳಿಗ್ಗೆಯೇ ಹತ್ತಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಪ್ರೇಮಿಗಳ ಹೆಸರು, ಊರಿನ ಹೆಸರು ಅಲ್ಲಲ್ಲಿ ಗೀಚಿರುವುದು ಕಾಣುತ್ತದೆ. ಹೊಟ್ಟೆ ಉರಿಯುತ್ತದೆ. ರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ನಿಮ್ಮ ಜೊತೆ ಬಂದ ಹುಡುಗರಿಗೆ ಇದನ್ನು ಮೊದಲೇ ಹೇಳಿ.

ಕಾಳು ಮತ್ತು ನೀರು

ಗುಡ್ಡದ ಮೇಲೆ ದುಂಡಗಿನ ಕಣಜಗಳಿವೆ. ಇವೂ ಚಾಲುಕ್ಯರವಲ್ಲ, ಆಮೇಲಿನವು. ಆದರೂ ನೋಡಬೇಕು. ಬಾಗಿಲು ನೋಡಿ ಕಾವಲು ಮನೆ ಅಂದುಕೊಳ್ಳುವವರೇ ಹೆಚ್ಚು. ಮುತ್ತಿಗೆ ಅಂದರೆ ಕತ್ತಿ ಕಾಳಗಕ್ಕಿಂತ ಹಸಿವಿನ ಕಾಳಗ. ಒಳಗಿನವರ ಜೋಳ ಮೊದಲು ಮುಗಿಯುತ್ತದೋ ಹೊರಗಿನವರ ತಾಳ್ಮೆಯೋ ಅನ್ನುವುದೇ ಆಟ. ಎತ್ತರದ ಹುಡೇವುಗಳೂ (ಕಾವಲು ಬುರುಜುಗಳು) ಇವೆ. ಹತ್ತಲು ಬಿಟ್ಟ ಕಡೆ ಮಾತ್ರ ಹತ್ತಿ. ಅಂಚಿನಲ್ಲಿ ಎಲ್ಲ ಕಡೆ ಕಟಕಟೆ ಇಲ್ಲ, ಕೆಳಗೆ ನೇರ ಪಾತಾಳ. ಗಾಳಿಯೂ ಜೋರು.

ನೀರಿಗೆ ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಲ್ಲುವ ಹೊಂಡಗಳು. ಅವು ಸಾಲದು ಅಂತ ಕೆಳಗೆ ಕೆರೆ. ಮೇಲಿನಿಂದ ನೋಡಿದರೆ ಕೆರೆಯ ಗುಟ್ಟು ಒಂದೇ ನೋಟಕ್ಕೆ ಸಿಗುತ್ತದೆ. ಮೂರು ಕಡೆ ಬಂಡೆ ತಾನೇ ಗೋಡೆಯಾಗಿದೆ, ಊರಿನ ಕಡೆ ಒಂದು ಏರಿ ಕಟ್ಟಿದರೆ ಮುಗಿಯಿತು, ಎರಡೂ ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಇಲ್ಲಿಗೇ ಇಳಿಯುತ್ತದೆ. ಜನ ಇದಕ್ಕೆ ಅಗಸ್ತ್ಯ ತೀರ್ಥ ಅನ್ನುತ್ತಾರೆ. ಮಗುವಿಗೆ ಹಾಲು ಕುಡಿಸಿ ಹೊಟ್ಟೆ ಸವರುತ್ತಾ "ವಾತಾಪಿ ಜೀರ್ಣೋ ಭವ" ಅನ್ನುವ ಅಜ್ಜಿಯರ ಮಾತಿನ ವಾತಾಪಿ, ಅಗಸ್ತ್ಯರ ಹೊಟ್ಟೆಯಲ್ಲಿ ಕರಗಿಹೋದ ರಾಕ್ಷಸ, ಈ ಊರಿನವನೇ ಅಂತ ಕತೆ.

ಎದುರಿಗೆ ದಕ್ಷಿಣದ ಗುಡ್ಡ, ಅದರ ಹೊಟ್ಟೆಯಲ್ಲಿ ಗುಹೆಗಳು, ನೆತ್ತಿಯ ಮೇಲೆ ರಣಮಂಡಲ ಕೋಟೆ. ಈ ಕಡೆಯ ಕೋಟೆಗೆ ಬಾವನ್ ಬಂಡೆ ಕೋಟೆ ಅಂತ ಹೆಸರು. ಗುಹೆಗಳ ನಡುವಿನಿಂದ ರಣಮಂಡಲಕ್ಕೆ ಹತ್ತುವ ಕಡಿದಾದ ಮೆಟ್ಟಿಲಿಗೆ ಬೀಗ ಹಾಕಿರುತ್ತಾರೆ, ಗೋಗರೆದು ಪ್ರಯೋಜನವಿಲ್ಲ. ಅದನ್ನು ಇಲ್ಲಿಂದಲೇ ಚೆನ್ನಾಗಿ ನೋಡಿಕೊಳ್ಳಿ. ಪಶ್ಚಿಮಕ್ಕೆ ತಿರುಗಿದರೆ ಒಂಟಿ ಬಂಡೆಯ ಮೇಲೆ ಮಾಲೆಗಿತ್ತಿ ಶಿವಾಲಯ ಕಾಣುತ್ತದೆ. ಅದಕ್ಕೆ ದಾರಿ ಬೇರೆ, ಊರಿನ ಕಡೆಯಿಂದ. ಹತ್ತುವುದು ಸ್ವಲ್ಪವೇ. ಈ ಗುಡ್ಡದಲ್ಲಿ ಪೂರ್ತಿಯಾಗಿ ಉಳಿದಿರುವ ಗುಡಿ ಅದೊಂದೇ ಅನ್ನಬಹುದು. ನನಗೆ ಕೇಳಿದರೆ ಬಾದಾಮಿಯ ಗುಡಿಗಳಲ್ಲೆಲ್ಲ ಅದೇ ಚೆಂದ.

ಹತ್ತಿ, ಕುಳಿತು, ನೋಡಿ ಇಳಿಯಲು ಎರಡು ಗಂಟೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಮೊಣಕಾಲು ನೋವಿದ್ದವರು, ವಯಸ್ಸಾದವರು ಕೆಳಗಿನ ಶಿವಾಲಯದವರೆಗೆ ಹೋಗಿ ನಿಂತರೂ ನಷ್ಟವಿಲ್ಲ. ಮೆಟ್ಟಿಲುಗಳು ಒಂದರಂತೆ ಒಂದಿಲ್ಲ, ಕೆಲವು ಮೊಣಕಾಲೆತ್ತರ. ಇಳಿಯುವಾಗಲೇ ಜಾಸ್ತಿ ಹುಷಾರಾಗಿರಬೇಕು.

ಕೆರೆಯ ದಂಡೆಯ ಬರಹಗಳು

ಇಳಿದ ಮೇಲೆ ಕೆರೆಯ ಉತ್ತರ ದಂಡೆ ಹಿಡಿದು ಪೂರ್ವಕ್ಕೆ ನಡೆಯಿರಿ. ಮಲ್ಲಿಕಾರ್ಜುನ ಗುಡಿಗಳ ಗುಂಪು, ಕೊನೆಯಲ್ಲಿ ನೀರಿಗೆ ಮುಖ ಮಾಡಿದ ಭೂತನಾಥ. ಇಲ್ಲಿ ಎಲ್ಲರೂ ಬರುವುದರಿಂದ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದ್ದು ಬಂಡೆಗಳ ಬಗ್ಗೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಈ ಊರು ಹಿಡಿದ. ವಾತಾಪಿಕೊಂಡ, ಅಂದರೆ ವಾತಾಪಿಯನ್ನು ಗೆದ್ದವನು, ಅಂತ ಬಿರುದು ಹಾಕಿಕೊಂಡ. ಗೆದ್ದವನು ಸುಮ್ಮನಿರುತ್ತಾನೆಯೇ, ಇಲ್ಲಿನ ಬಂಡೆಯೊಂದರ ಮೇಲೆ ಅವನ ಶಾಸನವೂ ಇದೆ, ಅರ್ಧ ಅಳಿಸಿದೆ. ಇಮ್ಮಡಿ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ವಾಪಸ್ ಪಡೆಯಲು ಹತ್ತು ವರ್ಷದ ಮೇಲಾಯಿತು. ಗುಡ್ಡದ ಮೇಲೆ ಕೋಟೆ ಕಟ್ಟಿದವನ ಬರಹ, ಕೆಳಗೆ ಅದನ್ನು ಮುರಿದವನ ಬರಹ, ಎರಡನ್ನೂ ಒಂದೇ ಬೆಳಿಗ್ಗೆ ನಡೆದು ಮುಗಿಸಬಹುದಾದಷ್ಟು ಚಿಕ್ಕ ಊರಿದು. ಒಂದನೇ ಪುಲಕೇಶಿಯ ಶಾಸನ ಎತ್ತರದ ಬಂಡೆಯಲ್ಲಿದೆ, ಅದರ ಹತ್ತಿರ ಹೋಗುವ ಹಟ ಬೇಡ.

ಕನ್ನಡ ಓದುವವರು ತಪ್ಪಿಸಬಾರದ್ದು ಕೆರೆಯ ಈಶಾನ್ಯಕ್ಕೆ ತಟ್ಟುಕೋಟೆ ಕಡೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ. ಅವನು ರಾಜನಲ್ಲ, ಒಬ್ಬ ಊರಿನ ಕಲಿ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಸ್ಕೂಲಿನಲ್ಲಿ ಓದಿರುತ್ತೀರಲ್ಲ, ಅದೇ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ. ಅಕ್ಷರ ಹಳಗನ್ನಡದ್ದು, ನೋಡಿದ ಕೂಡಲೇ ಓದಲು ಬರುವುದಿಲ್ಲ. ಮೊಬೈಲಿನಲ್ಲಿ ಪಾಠ ಇಳಿಸಿಕೊಂಡು ಹೋಗಿ ಸಾಲಿಗೆ ಸಾಲು ಹೊಂದಿಸಿ ನೋಡಿ. ದಾರಿ ಕೇಳಲು ಊರಿನವರೇ ಸರಿ. "ಅಕ್ಕಾರ, ಕಪ್ಪೆ ಅರಭಟ್ಟನ ಕಲ್ಲು ಯಾಕಡೆ ಐತ್ರಿ?" ಅಂದರೆ ಯಾರಾದರೂ ಕೈ ತೋರಿಸುತ್ತಾರೆ.

ಊಟ, ಆಮೇಲೆ ಗುಹೆ

ಮಧ್ಯಾಹ್ನ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರು ಕಟಕ್ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮಡಕೆ ಮೊಸರು ಬಡಿಸುತ್ತಾರೆ. "ಬರ್ರಿ ಅಣ್ಣಾರ, ರೊಟ್ಟಿ ಉಣ್ಣ ಬರ್ರಿ" ಅಂತ ನಾಲ್ಕು ಕಡೆಯಿಂದ ಕರೆಯುತ್ತಾರೆ, ಒಬ್ಬರ ಹತ್ತಿರ ಕುಳಿತುಬಿಡಿ. ಖಾರ ಜಾಸ್ತಿ ಅನ್ನಿಸಿದರೆ ಮೊಸರು ಕೇಳಿ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಹೋದರೆ ಮಾತ್ರ ರೂಮು ಸಿಗುವುದು ಕಷ್ಟ.

ಬಿಸಿಲು ಇಳಿದ ಮೇಲೆ ಗುಹೆಗಳು. ಸಂಜೆಯ ಬಿಸಿಲು ಆ ಬಂಡೆಗೆ ಬೀಳುವಾಗಿನ ಬಣ್ಣ ನೋಡಿದರೆ ಯಾಕೆ ಸಂಜೆಗೆ ಇಡಿ ಅಂದೆ ಅಂತ ತಿಳಿಯುತ್ತದೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ, ಮೂರನೆಯದರ ವಿಷ್ಣು, ನಾಲ್ಕನೆಯದರ ಜಿನರು ಎಲ್ಲರಿಗೂ ಗೊತ್ತು. ಮೂರನೇ ಗುಹೆಯ ಜಗಲಿಯಿಂದ ಉತ್ತರದ ಗುಡ್ಡದ ಕಡೆ ನೋಡಿ, ಬೆಳಿಗ್ಗೆ ಹತ್ತಿದ ದಾರಿಯನ್ನು ಗುರುತು ಹಿಡಿಯಲು ಆಗುತ್ತದಾ ನೋಡಿ. ಆಗುವುದಿಲ್ಲ. ಸೀಳು ಇರುವುದೇ ಗೊತ್ತಾಗುವುದಿಲ್ಲ. ಕೋಟೆಗೆ ಅದಕ್ಕಿಂತ ಇನ್ನೇನು ಬೇಕು.

ಇನ್ನೊಂದು ದಿನ ಇದ್ದರೆ

ಐಹೊಳೆಯ ಮೇಗುತಿ ಗುಡ್ಡ ಹತ್ತಿ. ಬಾದಾಮಿಯಿಂದ ಸುಮಾರು 35 ಕಿಲೋಮೀಟರ್, ಪಟ್ಟದಕಲ್ಲು ದಾರಿಯಲ್ಲೇ ಸಿಗುತ್ತದೆ. ಮೇಗುತಿಗೆ ಹತ್ತುವುದು ಉತ್ತರ ಗುಡ್ಡಕ್ಕಿಂತ ಸುಲಭ. ನಡುದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ, ತುದಿಯಲ್ಲಿ 634ರ ಜೈನ ಬಸದಿ, ಅದರ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನ, ಇಮ್ಮಡಿ ಪುಲಕೇಶಿ ಉತ್ತರ ಭಾರತದ ದೊರೆ ಹರ್ಷನನ್ನು ತಡೆದು ನಿಲ್ಲಿಸಿದ್ದು ಅದರಲ್ಲೇ ಇದೆ. ಬಸದಿ ನೋಡಿ ಇಳಿದುಬಿಡಬೇಡಿ. ಹಿಂದಕ್ಕೆ ನಡೆದರೆ ಬಯಲು ಬಂಡೆಯ ಮೇಲೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೋರಿಗಳು ಸಾಲಾಗಿವೆ, ಬಸದಿಗಿಂತ ನೂರಾರು ವರ್ಷ ಹಳೆಯವು. ಅವುಗಳ ಮೇಲೆ ಕೂರಬೇಡಿ, ಕಲ್ಲು ಸರಿಸಬೇಡಿ. ಐಹೊಳೆಯಿಂದ ಸಂಜೆ ಬಸ್ಸುಗಳು ಕಡಿಮೆ, ಹಾಗಾಗಿ ಬಾದಾಮಿಯಲ್ಲೇ ಆಟೋ ಅಥವಾ ಕಾರನ್ನು ಇಡೀ ದಿನಕ್ಕೆ ಮಾತಾಡಿಕೊಂಡು, ಬೆಳಿಗ್ಗೆ ಮೊದಲು ನೇರ ಐಹೊಳೆಗೆ ಹೋಗಿ ಗುಡ್ಡ ಮುಗಿಸಿ, ವಾಪಸ್ ಬರುವಾಗ ಪಟ್ಟದಕಲ್ಲು ನೋಡಿ.